ಕಾಲೊರಸಿನ ಮೇಲೆ ಎಪ್ಪತ್ತು

ತೊಂಬತ್ತಾರು ಕಿಲೋದಿಂದ ಎಪ್ಪತ್ತಕ್ಕೆ ಇಳಿಯಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಎಪ್ಪತ್ತರಲ್ಲಿ ಇರುವುದು ಹೇಗೆಂದು ಹೇಳಿಕೊಡಲು ಕ್ಲಿನಿಕ್ಕಿನ ಪಥ್ಯದ ಮೇಡಂಗೆ ಹಿಡಿದದ್ದು ಅರ್ಧ ನಿಮಿಷ.

"ಗುರಿ ಮುಟ್ಟಿದ್ರಿ. ಇನ್ನು ಹಾಗೇ ಇರಿ" ಎಂದರು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ. "ಅರವತ್ತೆಂಟರಿಂದ ಎಪ್ಪತ್ತೆರಡರ ಒಳಗೆ ಎಲ್ಲಿದ್ರೂ ಚಿಂತೆಯಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ."

"ಮೂರು ತಿಂಗಳು ಏನು ಮಾಡ್ಲಿ ಮೇಡಂ?"

"ಏನೂ ಮಾಡ್ಬೇಡಿ. ಹಾಗೇ ಇರಿ ಅಂದ್ನಲ್ಲ."

ಮನೆಗೆ ಬಂದು ಹೆಂಡತಿ, ಮಗಳ ಮುಂದೆ ಅವರ ದನಿಯನ್ನೇ ಮೂಗಿನಿಂದ ತೆಗೆದು ತೋರಿಸಿದೆ. ಬೇರೆಯವರ ದನಿ ಕದಿಯುವುದು ನನ್ನ ಹಳೆಯ ಚಟ. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ನಾನು ಮಾತ್ರ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದೇ ತೆರೆದು ಮುಚ್ಚಿದೆ. ಹಸಿವೇನೋ ಎಂದು ವಿಚಾರಿಸಿದೆ, ಹಸಿವಲ್ಲ.

ನನ್ನ ಕಸುಬು ತೂಕದ ಮಷೀನುಗಳ ರಿಪೇರಿ. ಅಂಗಡಿ, ಗೋದಾಮು, ಆಸ್ಪತ್ರೆಗಳಿಗೆ ವರ್ಷಕ್ಕೊಮ್ಮೆ ಹೋಗಿ ಪರೀಕ್ಷಿಸಿ, ಸರಿಯಿದ್ದರೆ ನನ್ನ ಸಹಿಯ ಹಸಿರು ಚೀಟಿ ಅಂಟಿಸಿ ಬರುತ್ತೇನೆ. ವ್ಯಾನಿನಲ್ಲಿ ನಾಲ್ಕು ತೂಕದ ಕಲ್ಲುಗಳಿವೆ: ಇಪ್ಪತ್ತು ಕಿಲೋದವು ಮೂರು, ಹತ್ತರದ್ದೊಂದು. ಕಬ್ಬಿಣದವಾದರೂ ಹೆಸರು ಮಾತ್ರ ಕಲ್ಲು. ಊರಿಗೆಲ್ಲ ತೂಕ ಹೇಳುವವನೇ ತೊಂಬತ್ತಾರು ಕಿಲೋ ಇದ್ದರೆ ಗಿರಾಕಿಗಳು ಬಿಡುತ್ತಾರೆಯೇ? "ಕಲ್ಲು ಯಾಕೆ ತಂದ್ರಿ, ನೀವೇ ಹತ್ತಿ ನಿಲ್ಲಿ" ಎಂಬ ತಮಾಷೆಯನ್ನು ಇಪ್ಪತ್ತು ವರ್ಷ ಕೇಳಿದ್ದೇನೆ.

ಇಳಿಯುತ್ತಿದ್ದ ದಿನಗಳು ಚೆನ್ನಾಗಿದ್ದವು. ಸೋಮವಾರ ಬಂತೆಂದರೆ ಸುದ್ದಿ. ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಅಂಕಿ ಬರೆಯುವಳು, ಮಗಳು ತಟ್ಟೆ ಬಡಿಯುವಳು. ತೂಕದ ಜೊತೆ ಮಧ್ಯಾಹ್ನದ ತೂಕಡಿಕೆಯೂ ಇಳಿಯಿತು. ದಾರಿಯಲ್ಲಿ ಸಿಕ್ಕವರೆಲ್ಲ "ಅರ್ಧ ಆಗಿದ್ದೀರಲ್ಲ, ಉಳಿದರ್ಧ ಎಲ್ಲಿಟ್ರಿ?" ಎನ್ನುವರು. ಈಗ ಕ್ಯಾಲೆಂಡರಿನಲ್ಲಿ ಗ್ಯಾಸು ಬಂದ ದಿನ, ಮಗಳ ಪರೀಕ್ಷೆಯ ದಿನ ಮಾತ್ರ. ಈ ವಾರವೂ ಎಪ್ಪತ್ತೇ ಎಂದು ಹೇಳಿದರೆ ಯಾರು ತಾನೇ ತಟ್ಟೆ ಬಡಿಯುತ್ತಾರೆ?

ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮಣಿಕಟ್ಟಿಗೆ ಹೆಬ್ಬೆರಳು, ನಡುಬೆರಳು ಸುತ್ತಿ, ಎರಡರ ತುದಿ ಕೂಡುತ್ತದೆಯೇ ಎಂದು ದಿನಕ್ಕೆ ಇಪ್ಪತ್ತು ಸಲ ನೋಡಿಕೊಳ್ಳುವೆ. ಅಗಲವಾದ ಬಾಗಿಲಲ್ಲೂ ಈಗಲೂ ಅಡ್ಡ ತಿರುಗಿಯೇ ನುಸುಳುವೆ. ಮೊಳೆ ಹೊಡೆದು ಹೊಸ ತೂತು ಮಾಡಿದ ಬೆಲ್ಟಿನ ತುದಿ ಬಾಲದಂತೆ ನೇತಾಡುತ್ತಿದ್ದರೂ ಕತ್ತರಿಸಲು ಕೈ ಬರದು. ಹಳೆಯ ಪ್ಯಾಂಟುಗಳನ್ನು ಯಾರಿಗಾದರೂ ಕೊಡೋಣವೆಂದು ಗಂಟು ಕಟ್ಟಿದವನು ಮತ್ತೆ ಬಿಚ್ಚಿಟ್ಟೆ. ಬೇಕಾದರೆ? ಈ 'ಬೇಕಾದರೆ' ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಿತ್ತು.

ಬಚ್ಚಲಿನ ಮಷೀನಿನ ಮೇಲೆ ದಿನಕ್ಕೆ ಐದು ಸಲ ನಿಲ್ಲುತ್ತಿದ್ದೆ.

"ಏನ್ರೀ, ಹತ್ತೋದು ಇಳಿಯೋದು, ಹತ್ತೋದು ಇಳಿಯೋದು. ಅದೇನು ಬಸ್ಸಾ?" ಎಂದಳು ಹೆಂಡತಿ.

"ಹತ್ತಿದ್ರೇನೇ ಸಮಾಧಾನ ಕಣೇ."

"ಇಳಿದ್ಮೇಲೆ ಇರತ್ತಾ?"

ಇರುತ್ತಿರಲಿಲ್ಲ. ಮಗಳಂತೂ ನನ್ನ ವಿದ್ಯೆಯನ್ನು ನನಗೇ ತಿರುಗಿಸಿದ್ದಳು. ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದು, ಒಂದು ಕಣ್ಣು ಮುಚ್ಚಿ ಕಾಲಬುಡಕ್ಕೆ ಇಣುಕಿ, "ಎಪ್ಪತ್ತು... ಅಬ್ಬ" ಎಂದು ನಿಟ್ಟುಸಿರು ಬಿಡುವಳು. ಎಷ್ಟು ತದ್ರೂಪವೆಂದರೆ ನನಗೆ ನಗು ಬರಲಿಲ್ಲ.

ಆ ಎಪ್ಪತ್ತಿನ ಹಿಂದೆ ಒಂದು ಕಾಲೊರಸಿನ ಕಥೆಯಿತ್ತು. ಗುರಿ ಮುಟ್ಟಿದ ಮೂರನೇ ವಾರ ಅಂಕಿ ಮೆಲ್ಲಗೆ ತೆವಳತೊಡಗಿತು: ಎಪ್ಪತ್ತು ಪಾಯಿಂಟ್ ಆರು, ಎಪ್ಪತ್ತೊಂದು, ಎಪ್ಪತ್ತೊಂದು ಪಾಯಿಂಟ್ ಎರಡು. ಒಂದು ಬೆಳಗ್ಗೆ ನೆಲ ತಣ್ಣಗೆ ಕೊರೆಯುತ್ತದೆ ಎಂದು ಗೊಣಗಿದೆ. ಹೆಂಡತಿ ದಪ್ಪನೆಯ ಕಾಲೊರಸು ತಂದು ಹಾಸಿ, ಮಷೀನನ್ನು ಅದರ ಮೇಲಿಟ್ಟಳು. ಹತ್ತಿ ನಿಂತೆ: ಅರವತ್ತೊಂಬತ್ತು ಪಾಯಿಂಟ್ ಎಂಟು. ಆ ದಿನವಿಡೀ ಶಿಳ್ಳೆ ಹೊಡೆದುಕೊಂಡು ತಿರುಗಿದೆ.

ಮೆತ್ತನೆಯ ಹಾಸಿನಲ್ಲಿ ಮಷೀನಿನ ಪುಟ್ಟ ಕಾಲುಗಳು ಹೂತು ಹೋಗುತ್ತವೆ, ಅದರ ತಳ ಕಾಲೊರಸಿಗೆ ತಗಲುತ್ತದೆ, ಸ್ವಲ್ಪ ಭಾರವನ್ನು ಹಾಸೇ ನುಂಗಿಬಿಡುತ್ತದೆ. ಗಟ್ಟಿ ನೆಲದ ಮೇಲಿಡಿ ಎಂಬುದು ಪ್ರತಿ ಅಂಗಡಿಯಲ್ಲೂ ನಾನು ಹೇಳುವ ಮೊದಲ ಮಾತು. ಆ ಬೆಳಗ್ಗೆ ಅದು ನೆನಪಾಗಲಿಲ್ಲ. ಹಾಗೆಂದರೆ ಪೂರ್ತಿ ನಿಜವಲ್ಲ. ನೆನಪಾಗಲು ನಾನು ಬಿಡಲಿಲ್ಲ.

ಹನ್ನೊಂದನೇ ವಾರ ಅದೇ ಕ್ಲಿನಿಕ್ಕಿನಿಂದ ಕರೆ ಬಂತು, ಮಷೀನಿನ ವರ್ಷದ ಪರೀಕ್ಷೆಗೆ. ಕ್ಲಿನಿಕ್ಕು ಎರಡನೇ ಮಹಡಿಯಲ್ಲಿ, ಲಿಫ್ಟಿಲ್ಲ. ಪ್ರತಿ ವರ್ಷ ಒಂದೊಂದೇ ಕಲ್ಲು ಹೊತ್ತು ನಾಲ್ಕು ಸಲ ಏದುಸಿರಿನಲ್ಲಿ ಹತ್ತುತ್ತಿದ್ದೆ. ಈ ಸಲ ಬರಿಗೈಯಲ್ಲಿ, ಎರಡೆರಡು ಮೆಟ್ಟಿಲು ಹಾರುತ್ತ ಹೋದೆ.

"ಕಲ್ಲೆಲ್ಲಿ, ತಕ್ಕಡಿಯವರೇ?" ಎಂದರು ನರ್ಸ್ ಸಿಸ್ಟರ್.

"ಎಪ್ಪತ್ತು ಕಿಲೋ ಹೊತ್ಕೊಂಡು ಯಾಕೆ ಬರ್ಲಿ ಸಿಸ್ಟರ್? ಎಪ್ಪತ್ತು ಕಿಲೋ ತಾನಾಗೇ ನಡ್ಕೊಂಡು ಬಂದಿದೆ."

ಅವರು ನಕ್ಕರು. ಇಪ್ಪತ್ತು ವರ್ಷ ನನ್ನ ಮೇಲೆ ಬೀಳುತ್ತಿದ್ದ ತಮಾಷೆಯನ್ನು ನಾನೇ ಎತ್ತಿ ತೊಟ್ಟುಕೊಂಡ ಹೆಮ್ಮೆಯಲ್ಲಿ ಬೂಟು ಬಿಚ್ಚಿ ಹತ್ತಿದೆ. ಎಪ್ಪತ್ತೊಂದು ಪಾಯಿಂಟ್ ನಾಲ್ಕು.

ಇಳಿದು ಮತ್ತೆ ಹತ್ತಿದೆ. ಅದೇ ಅಂಕಿ. ಬೆಳಗ್ಗೆ ಇದೇ ಬಟ್ಟೆಯಲ್ಲಿ ಮನೆಯಲ್ಲಿ ಎಪ್ಪತ್ತಿದ್ದೆ. ನಾನಂತೂ ಬದಲಾಗಿಲ್ಲ. ಹಾಗಾದರೆ ಬದಲಾದದ್ದು ಇದು.

"ನಿಮ್ಮ ಮಷೀನು ಸ್ವಲ್ಪ ಜಾಸ್ತಿ ತೋರಿಸ್ತಿದೆ ಸಿಸ್ಟರ್."

"ನಾನು ಆವತ್ತಿಂದ ಅದನ್ನೇ ಬಡ್ಕೋತಿದ್ದೀನಿ. ನನಗಂತೂ ಗ್ಯಾರಂಟಿ ಜಾಸ್ತಿ ತೋರಿಸತ್ತೆ."

ಈ ಜಾತಿಯ ಮಷೀನು ಬಹಳ ವಿಧೇಯ. ಅಡಿಯ ಗುಂಡಿಯನ್ನು ಒತ್ತಿ ಹಿಡಿದು, ಮೇಲಿರುವುದು ಇಷ್ಟು ಕಿಲೋ ಎಂದು ಒಮ್ಮೆ ಹೇಳಿಕೊಟ್ಟರೆ ಸಾಕು, ಆಮೇಲೆ ಲೋಕವನ್ನೆಲ್ಲ ಅದೇ ಲೆಕ್ಕದಲ್ಲಿ ತೂಗುತ್ತದೆ. ನಾನು ಹತ್ತಿ ನಿಂತು ಎಪ್ಪತ್ತು ಎಂದು ಹೇಳಿಕೊಟ್ಟೆ. ಅದು ಎಪ್ಪತ್ತು ಎಂದಿತು. ಹಸಿರು ಚೀಟಿ ಅಂಟಿಸಿ ಇಳಿದು ಬಂದೆ.

ಹತ್ತು ದಿನದ ಮೇಲೆ ಮಧ್ಯಾಹ್ನದ ಹೊತ್ತಿಗೆ ಸಿಸ್ಟರ್ ಫೋನು ಮಾಡಿದರು.

"ತಕ್ಕಡಿಯವರೇ, ನಿಮ್ಮ ಕೈಗುಣ ಭಾರೀ ಚೆನ್ನಾಗಿದೆ. ಈ ವಾರ ಬಂದವರೆಲ್ಲ ಒಂದೊಂದು ಒಂದೂವರೆ ಕಿಲೋ ಇಳಿದಿದ್ದಾರೆ. ನಾನೂ ಇಳಿದಿದ್ದೀನಿ. ಬೆಳಗ್ಗೆ ಕೇಕು ತಿಂದು."

"ಒಳ್ಳೇದಾಯ್ತಲ್ಲ."

"ಎಲ್ಲರಿಗೂ ಒಳ್ಳೇದಲ್ಲಪ್ಪ." ದನಿ ತಗ್ಗಿತು. "ಒಬ್ಬರು ಡ್ರಾಯಿಂಗ್ ಟೀಚರ್ ಇದ್ದಾರೆ. ಕಾಯಿಲೆ ಬಿದ್ದು ಮೂವತ್ತೆಂಟಕ್ಕೆ ಇಳಿದು ಹೋಗಿದ್ರು. ನಲವತ್ತೈದು ಮುಟ್ಟಿದ್ರೆ ಕೆಲಸಕ್ಕೆ ಹೋಗಬಹುದು ಅಂತ ಮೇಡಂ ಹೇಳಿದ್ರು. ಎರಡು ವಾರದ ಹಿಂದೆ ನಲವತ್ತನಾಲ್ಕು ಪಾಯಿಂಟ್ ಆರು ಇದ್ರು. ಇವತ್ತು ಬೆಳಗ್ಗೆ ನಲವತ್ತನಾಲ್ಕು ಪಾಯಿಂಟ್ ಮೂರು. ಪಾಪ, ಇಲ್ಲೇ ಬೆಂಚಿನ ಮೇಲೆ ಕೂತಿದ್ದಾರೆ, ಎದ್ದೇ ಇಲ್ಲ. ಮಷೀನು ಸರಿಯಿದೆ ತಾನೇ?"

"ನಾನೇ ಸರಿ ಮಾಡಿದ್ದಲ್ವಾ ಸಿಸ್ಟರ್" ಎಂದೆ. ಹೇಳಿದ ಮಾತು ನನ್ನ ಕಿವಿಗೇ ತೂಕವಿಲ್ಲದ್ದಾಗಿ ಕೇಳಿಸಿತು.

ಕೈಲಿದ್ದ ಕೆಲಸ ಬಿಟ್ಟು ನೇರ ಮನೆಗೆ ಹೋದೆ. ನಾಲ್ಕು ಕಲ್ಲುಗಳನ್ನೂ ಬಚ್ಚಲಿಗೆ ಹೊತ್ತು ತಂದು ಮಷೀನಿನ ಮೇಲೆ ಒಂದರ ಮೇಲೊಂದು ಪೇರಿಸಿದೆ. ಅರವತ್ತೆಂಟು ಪಾಯಿಂಟ್ ಆರು. ಕಾಲೊರಸು ಎಳೆದು ಬಿಸಾಕಿ, ಬರಿ ನೆಲದ ಮೇಲೆ ಮತ್ತೆ ಪೇರಿಸಿದೆ. ಎಪ್ಪತ್ತು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಲ್ಲುಗಳನ್ನು ಇಳಿಸಿ ನಾನು ಹತ್ತಿದೆ. ಎಪ್ಪತ್ತೊಂದು ಪಾಯಿಂಟ್ ಎಂಟು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಇದೇನ್ರೀ ಬಚ್ಚಲಲ್ಲಿ ಗೋದಾಮು?"

"ಹತ್ತು ವಾರದಿಂದ ನಾನು ಎಪ್ಪತ್ತಿಲ್ಲ ಕಣೇ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನಗಂತೂ ಅವತ್ತು ಹೇಗಿದ್ರೋ ಇವತ್ತೂ ಹಾಗೇ ಕಾಣ್ತೀರಿ" ಎಂದು ಕಾಲೊರಸನ್ನು ಕೊಡವಿ ಎತ್ತಿಕೊಂಡು ಹೋದಳು.

ಕ್ಲಿನಿಕ್ಕಿನ ದಾರಿಯಲ್ಲಿ ಒಂದು ಸುಳ್ಳನ್ನು ತಾಲೀಮು ಮಾಡಿದೆ. ಅಧಿಕಾರಿಯ ಗಡಸು ದನಿಯಲ್ಲಿ: "ಕರೆಂಟಿನ ಏರುಪೇರಿನಿಂದ ಮಷೀನಿನ ಲೆಕ್ಕ ತಪ್ಪಿದೆ." ಎರಡನೇ ಸಲಕ್ಕೆ ಚೆನ್ನಾಗಿಯೇ ಕೂತಿತು. ಟೀಚರಿಗೆ ನ್ಯಾಯ ಸಿಗುತ್ತದೆ, ನನ್ನ ಮಾನವೂ ಉಳಿಯುತ್ತದೆ. ಊರಲ್ಲಿ ನನ್ನ ಹಸಿರು ಚೀಟಿಗೆ ಇರುವ ಬೆಲೆ ಅಷ್ಟಿಷ್ಟಲ್ಲ. ತೂಕದವನು ತನ್ನ ಮೈಯನ್ನೇ ಕಲ್ಲು ಮಾಡಿಕೊಂಡು ಪರೀಕ್ಷಿಸಿದ ಎಂದು ಗೊತ್ತಾದರೆ ಯಾರು ಕರೆಯುತ್ತಾರೆ?

ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಹತ್ತು. ನಾಲ್ಕು ಸಲ ಮೆಟ್ಟಿಲು. ಪ್ರತಿ ಸಲವೂ ಬೆಂಚಿನ ಮೇಲಿದ್ದ ಹೆಂಗಸು ಕಲ್ಲನ್ನೂ ನನ್ನನ್ನೂ ನೋಡಿದರು. ಒಳಗೆ ಕೈಯೇ ಇಲ್ಲದಂತೆ ಜೋತ ರವಿಕೆಯ ತೋಳು, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಮನೆಯಲ್ಲೇ ಏನೋ ಚಿತ್ರ ಬರೆಯುತ್ತಿರಬೇಕು.

ಕಲ್ಲುಗಳನ್ನು ಪೇರಿಸಿದೆ. ಮಷೀನು ಅರವತ್ತೆಂಟು ಪಾಯಿಂಟ್ ಆರು ಎಂದಿತು, ನಾನು ಹೇಳಿಕೊಟ್ಟ ಪಾಠವನ್ನು ಒಂದಕ್ಷರ ಬಿಡದೆ.

"ಕರೆಂಟಿನ ಏರುಪೇರಿನಿಂದ..." ಎಂದು ಶುರು ಮಾಡಿದೆ.

"ಹಾಗಾದ್ರೆ ನನ್ನ ತಪ್ಪಲ್ವಾ?" ಟೀಚರ್ ಎದ್ದು ಬಂದರು. "ನಮ್ಮ ಅತ್ತಿಗೆ ಫೋನಿನಲ್ಲೇ ಬೈದ್ರು. ತಟ್ಟೇಲಿ ಹಾಕಿದ್ದನ್ನ ಕದ್ದು ಚೆಲ್ತಿದ್ದೀಯಾ ಅಂತ."

"ನಿಮ್ಮದೇನೂ ತಪ್ಪಿಲ್ಲ."

"ಕರೆಂಟು ದಿನಾ ಹೋಗತ್ತಲ್ಲ ಇಲ್ಲಿ" ಎಂದರು ಅವರು, ನಿಧಾನವಾಗಿ. "ಇವತ್ತು ನೀವು ಸರಿ ಮಾಡಿ ನಲವತ್ತೈದು ಅಂತೀರಿ. ಮುಂದಿನ ವಾರ ಇನ್ನೊಂದು ಬರತ್ತೆ. ನಾನು ಯಾವುದನ್ನ ನಂಬ್ಲಿ? ಕ್ಲಾಸಲ್ಲಿ ನಿಂತಿರೋವಾಗ್ಲೂ ಇದೇ ತಲೇಲಿ ಕೊರೀತಿರತ್ತೆ."

ಆ ಕೊರೆತ ನನಗೆ ಗೊತ್ತು. ಹನ್ನೆರಡು ವಾರದಿಂದ ನನ್ನ ಮಣಿಕಟ್ಟಿನಲ್ಲಿ, ಬೆಲ್ಟಿನ ಬಾಲದಲ್ಲಿ, ಬಚ್ಚಲಿನಲ್ಲಿ ಅದೇ. ಈಗ ಅದರ ಒಂದು ಪ್ರತಿಯನ್ನು, ನನ್ನ ಸಹಿ ಹಾಕಿ, ಇವರ ಕೈಗೆ ಕೊಡಲು ಹೊರಟಿದ್ದೆ.

"ಕರೆಂಟಲ್ಲ ಟೀಚರ್" ಎಂದೆ. ಅಧಿಕಾರಿಯ ದನಿ ಬರಲಿಲ್ಲ, ಮೂಗಿನ ದನಿಯೂ ಬರಲಿಲ್ಲ. "ಹೋದ ಸಲ ಕಲ್ಲು ತರ್ಲಿಲ್ಲ. ನಾನೇ ಹತ್ತಿ ನಿಂತು ಎಪ್ಪತ್ತು ಅಂತ ಹೇಳ್ಕೊಟ್ಟೆ. ನಾನು ಎಪ್ಪತ್ತಿರ್ಲಿಲ್ಲ. ಮಷೀನು ಸರಿಯಾಗೇ ಇತ್ತು. ನಿಮ್ಮ ಕಿಲೋ ಕಿತ್ಕೊಂಡಿದ್ದು ನಾನು."

ಸಿಸ್ಟರ್ ಬಾಯಿ ತೆರೆದರು. "ಅಂದ್ರೆ ನಾನು ಇಳಿದಿಲ್ವಾ?"

"ಕೇಕು ಕೇಕೇ ಸಿಸ್ಟರ್."

ಗುಂಡಿ ಒತ್ತಿ, ಕಬ್ಬಿಣದ ಎಪ್ಪತ್ತನ್ನು ಎಪ್ಪತ್ತೆಂದು ಹೇಳಿಕೊಟ್ಟೆ. ಕಲ್ಲುಗಳನ್ನು ಇಳಿಸಿದ ಮೇಲೆ ಟೀಚರ್ ಚಪ್ಪಲಿ ಬಿಟ್ಟು ಹತ್ತಿದರು. ಅಂಕಿಗಳು ಒಂದಿಷ್ಟು ಹೊಯ್ದಾಡಿ ನಿಂತವು. ನಲವತ್ತೈದು ಪಾಯಿಂಟ್ ಎರಡು. ಅವರು ಇಳಿದು, ತಾವೇ ಇಪ್ಪತ್ತರ ಒಂದು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಲು ನೋಡಿದರು. ಆಗಲಿಲ್ಲ. ನಾನು ಎತ್ತಿಟ್ಟೆ: ಇಪ್ಪತ್ತು. ಆಮೇಲೆ ಮತ್ತೆ ಹತ್ತಿದರು. ನಲವತ್ತೈದು ಪಾಯಿಂಟ್ ಎರಡು.

ಅಷ್ಟರಲ್ಲಿ ಸದ್ದು ಕೇಳಿ ಪಥ್ಯದ ಮೇಡಂ ಹೊರಬಂದರು. ಸಿಸ್ಟರ್ ಒಂದಕ್ಕೆರಡು ಸೇರಿಸಿ ಕಥೆ ಹೇಳಿದರು. ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮಷೀನಿನ ಕಡೆ ಬೆರಳು ತೋರಿಸಿದರು. ಹತ್ತಿದೆ. ಎಪ್ಪತ್ತೊಂದು ಪಾಯಿಂಟ್ ಎಂಟು.

"ಹಾಗೇ ಇದ್ದೀರಲ್ಲ" ಎಂದರು.

"ಒಂದು ಪಾಯಿಂಟ್ ಎಂಟು ಜಾಸ್ತಿ ಮೇಡಂ."

"ಎಪ್ಪತ್ತೆರಡರ ಒಳಗೆ ಅಂದಿದ್ದೆ. ಅದು ಕೇಳಿಸ್ಲಿಲ್ಲ, ಎಪ್ಪತ್ತು ಮಾತ್ರ ಕೇಳಿಸ್ತು ನಿಮಗೆ. ಆ ಹಳೇ ಚೀಟಿ ಕಿತ್ತು ಹಾಕಿ, ಹೊಸದು ಅಂಟ್ಸಿ. ಈ ಹತ್ತು ದಿನ ತೂಗಿದವರ ಪಟ್ಟಿ ಸಿಸ್ಟರ್ ಹತ್ರ ಇದೆ. ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ ಹೇಳ್ಬೇಕು."

"ನಿಮ್ಮ ದನೀಲಿ ಹೇಳ್ಲಾ, ನನ್ನ ದನೀಲಾ?"

"ನಿಮ್ಮದು ಅನ್ನೋದು ಒಂದಿದ್ರೆ ಅದರಲ್ಲಿ" ಎಂದು ಹೇಳಿ ಟೀಚರಿಗೆ ಕೆಲಸಕ್ಕೆ ಹೋಗಬಹುದೆಂಬ ಪತ್ರ ಬರೆಯಲು ಒಳಗೆ ಹೋದರು.

ಹಸಿರು ಚೀಟಿ ಪೂರ್ತಿ ಬಿಟ್ಟುಬರಲಿಲ್ಲ. ಮೂಲೆಯಲ್ಲಿ ನನ್ನ ಹಳೆಯ ಸಹಿಯ ಬಾಲ ಉಳಿಯಿತು. ಅದರ ಮೇಲೆಯೇ ಹೊಸದನ್ನು ಅಂಟಿಸಿದೆ. ಪತ್ರ ಕೈಗೆ ಬಂದ ಮೇಲೆ ಟೀಚರ್ ಹತ್ತಿರ ಬಂದರು. ಮುಖದಲ್ಲಿ ಸಂತೋಷವಿತ್ತು, ಅದರ ಬೆನ್ನಿಗೇ ನನಗೆ ಚೆನ್ನಾಗಿ ಪರಿಚಯವಿದ್ದ ಇನ್ನೊಂದೂ ಇತ್ತು.

"ನಲವತ್ತೈದು ಅಂತ ಎಷ್ಟು ದಿನ ಕಾದೆ" ಎಂದರು. "ಈಗ ಏನು ಮಾಡ್ಬೇಕು?"

ಮೇಡಂ ದನಿ ನಾಲಿಗೆಯ ತುದಿಗೇ ಬಂದಿತ್ತು. ನುಂಗಿದೆ.

"ನನಗೂ ಇನ್ನೂ ಗೊತ್ತಾಗಿಲ್ಲ ಟೀಚರ್. ಒಂದು ಮಾತ್ರ ಹೇಳಬಲ್ಲೆ. ಮನೇಲಿ ಮಷೀನಿದ್ರೆ ಬರಿ ನೆಲದ ಮೇಲಿಡಿ."

"ಮನೇಲಿ ಮಷೀನೇ ಇಲ್ಲ."

"ಹಾಗಾದ್ರೆ ನೀವು ನನಗಿಂತ ಮುಂದಿದ್ದೀರಿ."

ಅವರು ನಕ್ಕು, ಗೋಡೆ ಹಿಡಿದು ಮೆಟ್ಟಿಲಿಳಿದರು. ನಾನು ಕಲ್ಲುಗಳನ್ನು ನಾಲ್ಕು ಸಲಕ್ಕೆ ವ್ಯಾನಿಗೆ ಸಾಗಿಸಿದೆ. ಕೊನೆಯ ಹತ್ತರದ್ದನ್ನು ಇಟ್ಟು ಬಾಗಿಲು ಹಾಕಿ, ಸಿಸ್ಟರ್ ಕೊಟ್ಟ ಪಟ್ಟಿಯನ್ನು ಜೇಬಿನಿಂದ ತೆಗೆದೆ. ಮೂವತ್ತೊಂದು ಹೆಸರು. ಅಷ್ಟರಲ್ಲಿ ಬರಿಗೈಯಲ್ಲಿ ಇನ್ನೊಂದು ಸಲ ಮೆಟ್ಟಿಲು ಹತ್ತಿ ಇಳಿದರೆ ಒಂದಿಷ್ಟು ಕರಗಬಹುದಲ್ಲ ಎಂದು ಹೊಳೆಯಿತು. ನೋಡಿದರೆ ಒಂದು ಕಾಲು ಆಗಲೇ ಮೊದಲ ಮೆಟ್ಟಿಲ ಮೇಲಿತ್ತು. ಅದೇ ಮೆಟ್ಟಿಲ ಮೇಲೆ ಕೂತು ಮೊದಲ ನಂಬರನ್ನು ಒತ್ತಿದೆ.