ಸಾಕು ಗಿಳಿ

ಗಿಳಿಮರಿಗೆ ತಿನ್ನಿಸುವ ಗಂಜಿಯನ್ನು ಮಣಿಕಟ್ಟಿನ ಮೇಲೆ ಹನಿಸಿದರೆ ಬಿಸಿ ಇದೆಯೋ ಇಲ್ಲವೋ ತಿಳಿಯಬಾರದು. ಬಿಸಿ ಹೆಚ್ಚಾದರೆ ಮರಿಯ ಗಂಟಲ ಚೀಲ ಒಳಗೇ ಸುಟ್ಟುಹೋಗುತ್ತದೆ, ಆರಿದ್ದನ್ನು ಕೊಟ್ಟರೆ ಅಲ್ಲೇ ಹುಳಿಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪುಕ್ಕ ಮೂಡದ, ಕಣ್ಣು ತೆರೆಯದ ಒಂದು ಕೆಂಪು ಮಾಂಸದ ಮುದ್ದೆಯನ್ನು ಗಂಡ ಹಳೆಯ ಬೀಗದ ಡಬ್ಬಿಯಲ್ಲಿ ತಂದು ಅವಳ ಮಡಿಲಿಗೆ ಸುರಿದು, "ಇದು ಸತ್ರೆ ನಿನ್ನ ಗತಿ ನೋಡ್ಕೋ" ಎಂದಿದ್ದ. ಹಾಗಾಗಿ ಬೇಗ ಕಲಿತಳು.

ಗಂಡ ಬೀಗದವನು. ಕೀಲಿ ಕಳೆದುಕೊಂಡು ಅಂಗಳದಲ್ಲಿ ನಿಂತವರ ಬಾಗಿಲನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ತೆಗೆದುಕೊಡುತ್ತಿದ್ದ. ಅವನ ಕೈ ಬಹಳ ಮೆದು ಎಂದು ಬೀದಿಗೆ ಬೀದಿಯೇ ಹೊಗಳುತ್ತಿತ್ತು. ಆ ಮೆದು ಕೈ ಮನೆಗೆ ಬಂದ ಮೇಲೆ ಏನು ಮಾಡುತ್ತದೆ ಎಂದು ಕೇಳುವ ಬಾಯಿ ಬೀದಿಗೆ ಇರಲಿಲ್ಲ.

ಮನೆ ಮಹಡಿಯ ಮೇಲೆ. ಕೆಳಗೆ ದರ್ಜಿ ಅಕ್ಕನ ಹೊಲಿಗೆ ಅಂಗಡಿ, ಎದುರಿಗೆ ಚಹಾದವನ ಬೆಂಚುಗಳು. ಮನೆಯ ಬಾಗಿಲಿಗೆ ಅವನು ಒಳಗಿನಿಂದ ಮೂರು ಅಗುಳಿ ಕೂರಿಸಿದ್ದ, ಮೂರೂ ಅವನದೇ ಕೈಕೆಲಸ. ಮೊದಲನೆಯದು ಬಿದ್ದರೆ ಕಳ್ಳರ ಭಯ ಎಂದುಕೊಳ್ಳಬಹುದಿತ್ತು. ಮೂರನೆಯದು ಬಿದ್ದರೆ ಅವಳು ಕಿವಿಯೋಲೆ ಬಿಚ್ಚಿಡುತ್ತಿದ್ದಳು. ಒಮ್ಮೆ ಓಲೆಯ ಜೊತೆಗೆ ಕಿವಿಯೂ ಹರಿದಿತ್ತು.

ಮರಿ ಬದುಕಿತು. ಹಸಿರಾಯಿತು, ಕೊಕ್ಕು ಕೆಂಪಾಯಿತು. ಕಿಟಕಿಯ ಕೊಕ್ಕೆಗೆ ಗಂಡ ಮಾಡಿದ ಕಬ್ಬಿಣದ ಪಂಜರ ತೂಗಿತು. ಬೆಳಿಗ್ಗೆ ತಟ್ಟೆಯ ಕಾಗದ ಬದಲಿಸುವುದು, ಹಿಕ್ಕೆ ನೋಡಿ ಹೊಟ್ಟೆ ಸರಿಯಿದೆಯೇ ಎಂದು ತಿಳಿಯುವುದು, ನೆನೆಸಿದ ಕಡಲೆಯ ಸಿಪ್ಪೆ ಸುಲಿಯುವುದು, ಉಳಿದ ಹಣ್ಣಿನ ಹೋಳು ಕೊಳೆಯುವ ಮುಂಚೆ ಎತ್ತಿ ಬಿಸಾಡುವುದು, ಬಿಸಿಲೇರಿದಾಗ ಬೆರಳಿಂದ ನೀರು ಚಿಮುಕಿಸುವುದು ಎಲ್ಲ ಅವಳದೇ. ಹಸಿಮೆಣಸು ಕಂಡರೆ ಗಿಳಿ ಮದುವೆ ಮನೆಯ ಮುದುಕನ ಹಾಗೆ ಕುಣಿಯುತ್ತಿತ್ತು. ಪಂಜರ ತೆರೆದರೆ ಹೆಗಲಿಗೆ ಬಂದು ಕೂರುತ್ತಿತ್ತು. ಅವಳ ಕಿವಿಯ ಹಿಂದೆ ಒಣಗಿದ ರಕ್ತ ಕಂಡರೆ ತನಗಿಟ್ಟ ತಿಂಡಿಯೆಂದು ಮೆಲ್ಲಗೆ ಕುಕ್ಕುತ್ತಿತ್ತು. ಆ ಮನೆಯಲ್ಲಿ ಅವಳ ಗಾಯವನ್ನು ನೋವಾಗದಂತೆ ಮುಟ್ಟುತ್ತಿದ್ದುದು ಅದೊಂದೇ.

ಅವಳು ಅದಕ್ಕೆ 'ಅಮ್ಮ' ಎಂದು ಕಲಿಸಲು ನೋಡಿದಳು. ಅವನು 'ಯಜಮಾನ್ರು ಬಂದ್ರು' ಎಂದು ಕಲಿಸಲು ನೋಡಿದ. ಎರಡೂ ಹತ್ತಲಿಲ್ಲ. ಮೆತ್ತಗೆ ಹೇಳಿದ್ದು ಗಿಳಿಗೆ ಹತ್ತುವುದಿಲ್ಲ, ಮನೆಯಲ್ಲಿ ಜೀವ ಹೋಗುವಂತೆ ಕೂಗಿದ್ದನ್ನು ಅದು ಹಿಡಿಯುತ್ತದೆ. ಒಂದು ಬೆಳಿಗ್ಗೆ ಕಿಟಕಿಯಲ್ಲಿ ಕುಳಿತು, ಅವಳದೇ ದನಿಯಲ್ಲಿ ಬೀದಿಗೆ ಕೇಳುವಂತೆ ಕೂಗಿತು:

"ಸಾಕು! ಸಾಕು!"

ಚಹಾದವನು ಪಾತ್ರೆ ಬಿಟ್ಟು ಓಡಿ ಬಂದ. "ಕೇಳಿದ್ರೇನ್ರೋ? 'ಸಾಕು' ಅಂತಿದೆ! ನನ್ನ ಸಾಕಪ್ಪಾ ಅಂತ ಯಜಮಾನನ್ನ ಬೇಡ್ಕೊಳ್ತಿದೆ! ಹೆತ್ತ ಮಕ್ಕಳಿಗೂ ಇಷ್ಟು ನಿಯತ್ತಿಲ್ಲ ಬಿಡಿ."

ಹೊಡೆಯುವವನಿಗೆ ಕೈಮುಗಿದು ಹೇಳುವ ಮಾತೂ ಅದೇ, ಅನ್ನವಿಟ್ಟು ಬೆಳೆಸು ಎಂಬ ಮಾತೂ ಅದೇ. ಬೀದಿ ತನಗೆ ಅನುಕೂಲವಾದ ಅರ್ಥವನ್ನು ಆರಿಸಿಕೊಂಡಿತು. ಬೀಗದವನೂ ಮೀಸೆಯಲ್ಲೇ ನಕ್ಕ. ಅಂದಿನಿಂದ ಅವನು ಕಿಟಕಿ ಮುಚ್ಚುವ ಗೋಜಿಗೂ ಹೋಗಲಿಲ್ಲ. ಅವಳು ಎಷ್ಟು ಕೂಗಿದರೂ ಅದು ಗಿಳಿಯ ಲೆಕ್ಕಕ್ಕೆ ಹೋಗುತ್ತಿತ್ತು.

ಅವಳಿಗೆ ಬೇಕಿದ್ದುದು ಇಷ್ಟೇ. ತನ್ನ ಕೂಗು ತನ್ನದೆಂದು ಒಬ್ಬರಾದರೂ ಕೇಳಿಸಿಕೊಳ್ಳಬೇಕು. ಇಲ್ಲದಿದ್ದರೆ ಒಂದು ದಿನ ಮೂರನೆಯ ಅಗುಳಿಯ ಹಿಂದೆ ಸಾಯುತ್ತೇನೆ, ಆಗಲೂ ಚಹಾದವನು ಗಿಳಿಯನ್ನು ಹೊಗಳುತ್ತಿರುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ದರ್ಜಿ ಅಕ್ಕನ ಬಳಿ ಬಟ್ಟೆಗೆ ಅಳತೆ ಕೊಡಲು ಹೋದಾಗ ಬಾಯಿಬಿಟ್ಟಳು.

"ಅಕ್ಕಾ, ನಿನ್ನೆ ಸಂಜೆ ಕೇಳಿಸ್ಲಿಲ್ವಾ?"

"ಕೇಳಿಸ್ದೆ ಏನೇ! ಆ ನಿನ್ನ ಗಿಳಿ 'ಸಾಕು ಸಾಕು' ಅಂತ ಒಂದೇ ಸಮ ಬಡ್ಕೊಳ್ತಿತ್ತಲ್ಲ. ಸೂಜಿಗೆ ದಾರ ಪೋಣಿಸೋಕಾಗ್ಲಿಲ್ಲ ನಂಗೆ."

"ಗಿಳಿ ಆಗ್ಲೇ ಮಲಗಿತ್ತು ಅಕ್ಕಾ. ಬಟ್ಟೆ ಮುಚ್ಚಿದ್ದೆ."

ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಕಚ್ಚಿದ್ದ ಅಕ್ಕ ಕೊರಳಲ್ಲಿದ್ದ ಟೇಪು ತೆಗೆದಳು. "ಹಾಗಾದ್ರೆ ಕನಸಲ್ಲಿ ಮಾತಾಡಿರ್ಬೇಕು ಬಿಡು." ಟೇಪು ತೋಳಿಗೆ ಬಂತು. ತೋಳಿನ ಮೇಲೆ ಬೆರಳುಗಳ ಅಚ್ಚು ನೀಲಿಗಟ್ಟಿತ್ತು. ಅಕ್ಕನ ಕಣ್ಣು ಅಲ್ಲಿ ನಿಂತು ಜಾರಿತು. "ತೋಳು ಉದ್ದ ಇಡ್ಲಾ?"

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವನು ಪೆಟ್ಟು ತಿಂದವನಲ್ಲ. ಪಕ್ಕದ ಮನೆಯಲ್ಲಿ ಕುಳಿತು ಹೊಟ್ಟೆ ತುಂಬ ಉಂಡವನೇ ಇರಬೇಕು. ಬೀದಿಗಿದ್ದುದು ಜಾಣ ಕಿವುಡು. ಅದಕ್ಕೆ ಮದ್ದಿಲ್ಲ.

ಒಂದು ರಜೆಯ ದಿನ ಮಧ್ಯಾಹ್ನ ಬೀಗದವನ ಗುರು ಮನೆಗೆ ಬಂದ. ಕೆಲಸ ಕಲಿಸಿದ ಮೇಸ್ತ್ರಿ. ಇಡೀ ಲೋಕದಲ್ಲಿ ಬೀಗದವನು ತಲೆ ತಗ್ಗಿಸುತ್ತಿದ್ದುದು ಆತನ ಮುಂದೆ ಮಾತ್ರ.

"ಎಲ್ಲೋ ನಿನ್ನ ಮಾತುಗಾರ? ಊರೆಲ್ಲ ಅದರದೇ ಸುದ್ದಿ. ಮಾತಾಡಿಸು ನೋಡೋಣ."

"ಈಗ ನೋಡಿ ಮೇಸ್ತ್ರಿ." ಬೀಗದವನು ಪಂಜರವನ್ನು ಬೆರಳಿಂದ ತಟ್ಟಿದ. "ಹೇಳೋ, ಸಾಕು!"

ಗಿಳಿ ಕತ್ತು ಓರೆ ಮಾಡಿ ಮೇಸ್ತ್ರಿಯನ್ನು ನೋಡಿತು. ಒಳಗಿನಿಂದ ಅವಳು ಚಹಾ ತಂದಳು. ಅವಳನ್ನು ಕಂಡದ್ದೇ ತಡ, ಗಿಳಿಗೆ ಮಾತು ಬಂತು. ಆದರೆ ಈ ಸಲ ಅದು ಹೆಣ್ಣಿನ ದನಿಯಲ್ಲ. ಮೂರು ಸಲ ನಾಲಿಗೆಯಿಂದ ಟಕ್, ಟಕ್, ಟಕ್ ಎಂದಿತು. ಅಗುಳಿ ಬೀಳುವ ಸದ್ದು. ಆಮೇಲೆ ಬೀಗದವನ ದನಿಯಲ್ಲಿ, ಅವನ ಉಬ್ಬಸದ ಸಮೇತ:

"ಕೂಗ್ತೀಯೇನೇ? ಕೂಗು! ಯಾವನ್ ಬರ್ತಾನೋ ನೋಡ್ತೀನಿ!"

ಕೂಡಲೇ ಅವಳ ದನಿಯಲ್ಲಿ: "ಸಾಕು! ದಮ್ಮಯ್ಯಾ, ಸಾಕು!"

ಕೋಣೆಯಲ್ಲಿ ಲೋಟದ ಹಬೆ ಮಾತ್ರ ಅಲುಗಾಡುತ್ತಿತ್ತು. ಮೇಸ್ತ್ರಿ ಬೀಗದವನ ಕೈ ನೋಡಿದ, ಅವಳ ರವಿಕೆಯ ಉದ್ದ ತೋಳು ನೋಡಿದ, ಆಮೇಲೆ ತನ್ನ ಚಪ್ಪಲಿ ಹುಡುಕಿದ.

"ಚಹಾ ಬೇಡಮ್ಮಾ. ಹೊತ್ತಾಯ್ತು."

ಅವಳು ಬಾಗಿಲಿಗೆ ಅಡ್ಡ ನಿಂತಳು. "ಮೇಸ್ತ್ರಿ, ನೀವೇ ಕೇಳಿದ್ರಲ್ಲ..."

"ಹಕ್ಕಿ ಮಾತು ಕಟ್ಕೊಂಡು ಏನ್ ಮಾಡೋಣ ತಾಯಿ," ಎಂದು ಆತ ಬದಿಯಿಂದ ನುಸುಳಿ ಇಳಿದುಹೋದ. ಮೆಟ್ಟಿಲು ಮುಗಿಯುವ ತನಕವೂ ಅವಸರ ಮಾಡಲಿಲ್ಲ. ಮರ್ಯಾದಸ್ಥ.

ಬೀಗದವನು ಪಂಜರಕ್ಕೆ ಕೈ ಹಾಕಿದ. ಗಿಳಿ ಅವನ ಹೆಬ್ಬೆರಳನ್ನು ಎಲುಬು ಕಾಣುವಂತೆ ಕಚ್ಚಿತು, ಬಿಡಲಿಲ್ಲ. ಕಚ್ಚಿದ ಹಾಗೆಯೇ ಹೊರಗೆಳೆದ. ಅವಳು ಅವನ ತೋಳಿಗೆ ಜೋತುಬಿದ್ದಳು. ಮೊಣಕೈಯಿಂದ ಅವಳ ಮುಖಕ್ಕೆ ಗುದ್ದಿ, ಕೀಲಿ ತಿರುಗಿಸುವ ಹಾಗೆ ಗಿಳಿಯ ಕತ್ತನ್ನು ಒಂದೇ ಸುತ್ತು ತಿರುಗಿಸಿದ. ಸಣ್ಣ ಸದ್ದು. ಅದನ್ನು ಕಿಟಕಿಯಿಂದ ಬೀದಿಗೆ ಎಸೆದ.

"ಇನ್ನು ಯಾವುದು ಬಾಯಿಬಿಡುತ್ತೋ ನೋಡೇಬಿಡ್ತೀನಿ."

ಮೊದಲನೆಯ ಅಗುಳಿ. ಎರಡನೆಯದು. ಮೂರನೆಯದು.

ಕೀಲಿಗೊಂಚಲಿನ ಸರಪಳಿಯನ್ನು ಮುಷ್ಟಿಗೆ ಸುತ್ತಿಕೊಂಡು ಹೊಡೆದ. ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು. ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದ. ಅವಳು ಕೂಗಲಿಲ್ಲ. ಬಾಗಿಲು ತೆರೆದು ತೂಗಾಡುತ್ತಿದ್ದ ಖಾಲಿ ಪಂಜರವನ್ನೇ ನೋಡುತ್ತಿದ್ದಳು. ಬಾಯಿ ತುಂಬ ರಕ್ತವಿದ್ದಾಗ ಅವಳಿಗೆ ಒಂದು ಮಾತು ಹೊಳೆಯಿತು. ಗಿಳಿ ಬೀದಿಯಲ್ಲಿ ಬಿದ್ದಿದೆ. ಎಲ್ಲರೂ ನೋಡುತ್ತಿದ್ದಾರೆ. ಈ ದಡ್ಡ ತನ್ನ ಮನೆಯ ಅತಿ ಗಟ್ಟಿ ಬೀಗವನ್ನು ತಾನೇ ಮುರಿದು ಬಿಸಾಡಿದ್ದಾನೆ.

ತೆವಳಿ ಹೋಗಿ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಂದಿನಿಂದ ಪೆಟ್ಟು ಬೀಳುತ್ತಲೇ ಇತ್ತು. ಅವನಿಗಲ್ಲ, ಬೀದಿಗೆ ಕೂಗಿದಳು:

"ಸಾಕು! ಸಾಕು!"

ಕೆಳಗೆ ಚಹಾದವನು ಸತ್ತ ಗಿಳಿಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ. "ಗಿಳಿ..." ಎಂದು ರೂಢಿಯಂತೆ ಶುರುಮಾಡಿದ. ಗಿಳಿಯ ಕತ್ತು ಅವನ ಬೆರಳ ಸಂದಿಯಿಂದ ಜೋತಾಡುತ್ತಿತ್ತು.

"ಸಾಕು!" ಎಂದಿತು ಮೇಲಿನ ದನಿ.

ಅಂಗಡಿಯ ಬಾಗಿಲಲ್ಲಿ ದರ್ಜಿ ಅಕ್ಕ ತುಟಿಯ ನಡುವಿನ ಗುಂಡುಪಿನ್ನುಗಳನ್ನು ಉಗಿದಳು. "ಏನ್ರೋ ನೋಡ್ತಾ ನಿಂತಿದ್ದೀರ, ಗಂಡಸ್ರಾ? ಇನ್ನೂ ಯಾವ ಹಕ್ಕಿ ಮೇಲೆ ಹಾಕ್ತೀರಾ?" ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಮೆಟ್ಟಿಲು ಹತ್ತಿದಳು. ಚಹಾದವನು ಗಿಳಿಯನ್ನು ಬೆಂಚಿನ ಮೇಲಿಟ್ಟು ಹಿಂದೆಯೇ ಓಡಿದ.

ಬಾಗಿಲು ಅದುರಿತು. "ತೆಗಿಯೋ! ತೆಗಿಯೋ ಬೀಗದವನೇ!"

"ನಮ್ಮ ಮನೆ ವಿಷಯ ಅಕ್ಕಾ! ನಿಮ್ ಕೆಲ್ಸ ನೋಡ್ಕೊಳ್ಳಿ!" ಎನ್ನುತ್ತ ಅವನು ಬಾಗಿಲಿನತ್ತ ತಿರುಗಿದ. ಬೆನ್ನು ಅವಳ ಕಡೆಗಾಯಿತು.

ಅವಳು ಎದ್ದಳು. ಪಂಜರವನ್ನು ಕೊಕ್ಕೆಯಿಂದ ತೆಗೆದಳು. ದಿನವೂ ತೊಳೆದು ಒರೆಸುತ್ತಿದ್ದ ಅವಳ ಕೈಗೆ ಅದರ ತೂಕ ಚೆನ್ನಾಗಿ ಗೊತ್ತಿತ್ತು. ಪಂಜರದ ನೆತ್ತಿಯ ಬಳೆ ಹಿಡಿದು, ಒಂದು ಸುತ್ತು ಬೀಸಿ, ಅವನ ತಲೆಗೆ ಹೊಡೆದಳು. ಮಂಡಿಯೂರಿದವನು ಎರಡೂ ಕೈ ಎತ್ತಿ "ಸಾಕು" ಎಂದ. ಆ ಬಾಯಲ್ಲಿ ಆ ಮಾತು ಬೇಡಿಕೊಳ್ಳಲು ಮೊದಲ ಸಲ ಬಂದಿತ್ತು. ಅವಳು ಇನ್ನೊಂದು ಹೊಡೆದಳು.

ಆಮೇಲೆ ನರಳುತ್ತಿದ್ದವನನ್ನು ದಾಟಿ ಮೂರೂ ಅಗುಳಿಗಳನ್ನು ತೆಗೆದಳು.

ಹೊಸ್ತಿಲಲ್ಲಿ ದರ್ಜಿ ಅಕ್ಕ ಅವಳ ಮುಖ ನೋಡಿ ಕತ್ತರಿ ಇಳಿಸಿದಳು. "ಗಿಳಿ ಅಂದ್ಕೊಂಡಿದ್ವಿ ಕಣೇ..."

"ಗಿಳಿಗೂ ನಾನೇ ಕಲಿಸಿದ್ದು ಅಕ್ಕಾ," ಎಂದಳು, ಮುರಿದ ಹಲ್ಲನ್ನು ಅಂಗೈಗೆ ಉಗಿದು. "ಅದು ಬೇಗ ಕಲೀತು."

ಚಹಾದವನು ದಾರಿ ಬಿಟ್ಟ. ಅವಳು ಬರಿಗಾಲಲ್ಲಿ ಮೆಟ್ಟಿಲಿಳಿದು, ಬೆಂಚಿನ ಮೇಲಿದ್ದ ಗಿಳಿಯನ್ನು ಎತ್ತಿಕೊಂಡಳು. ಮೈ ಇನ್ನೂ ಬೆಚ್ಚಗಿತ್ತು. ಬೆರಳಿಂದ ಕೊರಳು ಮುಟ್ಟಿ ನೋಡಿದಳು. ಗಂಟಲ ಚೀಲ ಖಾಲಿಯಾಗಿರಲಿಲ್ಲ. ಬೆಳಿಗ್ಗೆ ಸಿಪ್ಪೆ ಸುಲಿದು ಕೊಟ್ಟ ಕಡಲೆ ಅಲ್ಲೇ ಇತ್ತು, ಕಾಳು ಕಾಳಾಗಿ.