ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ

ಪೆಟ್ರೋಲ್ ವಾಸನೆ, ಶೆಡ್ಡಿನ ಬಾಗಿಲಲ್ಲಿ ಭಾವನ ಚಪ್ಪಲಿ, ಚಪ್ಪಲಿಯ ಮೇಲೆ ಭಾವ, ಇನ್ನೂ ನಗುತ್ತಿದ್ದಾನೆ, ನಗಲಿ — ಬೈಕಿನ ಬಟನ್ ಒತ್ತಿದೆ, ಮೋಟರ್ ಗಿರ್ರೆಂದು ತಿರುಗಿತು, ಎಂಜಿನ್ ಕೆಮ್ಮಲೂ ಇಲ್ಲ, ಬ್ಯಾಟರಿಯ ತಪ್ಪಲ್ಲ ಹಾಗಾದರೆ, ಬ್ಯಾಟರಿ ಸತ್ತಿದ್ದರೆ ಬರೀ ಟಿಕ್ ಟಿಕ್ ಎನ್ನುತ್ತಿತ್ತು, ನಿನ್ನೆ ಒಂದೇ ಒತ್ತಿಗೆ ಗುಡುಗಿದ ಗಾಡಿ, ಇವತ್ತು, ಆಯ್ಕೆಯ ರೇಸಿನ ದಿನವೇ ಹೀಗೆ, ಬಿಸಿಲೇರುವ ಮುನ್ನ ಗೇಟು ಮುಚ್ಚುತ್ತಾರೆ, ಮುಚ್ಚಿದರೆ ತಂಡದಲ್ಲಿ ನನ್ನ ಜಾಗ ಇನ್ಯಾರಿಗೋ. ಗಾಡಿಗೇ ಮನಸ್ಸಿಲ್ಲ ಅಂದ್ಮೇಲೆ ನೀನ್ಯಾಕಮ್ಮ ಒದ್ದಾಡ್ತೀಯ, ತಿಂಡಿ ತಿನ್ನು ಬಾ, ಎಂದ ಭಾವ, ಬಾಯಲ್ಲಿ ಬೆಣ್ಣೆ ಇವನಿಗೆ, ನೀವೇ ಏನಾದ್ರೂ ಮಾಡಿದ್ರಾ ಭಾವ, ಅಯ್ಯೋ ತಾಯಿ, ನಂಗೆ ಮಿಕ್ಸಿ ಮುಚ್ಚಳ ಹಾಕೋಕೇ ಬರಲ್ಲ, ಇದನ್ನ ಮುಟ್ತೀನಾ — ರೇಸು ಬೇಡವೆಂದು ವಾರವಿಡೀ ರಾಗ ಎಳೆದವನು ಅವನೇ, ಪೆಟ್ರೋಲಿಗೆ ನೀರು ಬೆರೆಸಲು ವಿದ್ಯೆ ಬೇಕೇ, ಒಂದಿಷ್ಟು ಗಾಜಿನ ಲೋಟಕ್ಕೆ ಇಳಿಸಿ ನೋಡಿದೆ, ನೀರಿಲ್ಲ. ಕಿಡಿ, ಪೆಟ್ರೋಲ್, ಗಾಳಿ, ಮೂರರಲ್ಲಿ ಯಾವುದೋ ಒಂದು ಸುಳ್ಳು ಹೇಳ್ತಿರುತ್ತೆ ಕಣೇ, ಎಂದು ಕಲಿಸಿದವಳು ಅಕ್ಕ, ಗಾಡಿ ಅವಳದೇ, ರೇಸಿನಲ್ಲಿ ಬಿದ್ದು ಮೊಣಕಾಲು ಮಡಚಲಾರದೆ ಹೋದ ಮೇಲೆ ನನ್ನದಾಯಿತು — ಪ್ಲಗ್ ಬಿಚ್ಚಿದೆ, ತೊಯ್ದಿದೆ, ಪೆಟ್ರೋಲ್ ನಿಜ ಹೇಳುತ್ತಿದೆ, ಒರೆಸಿ ಲೋಹಕ್ಕೆ ತಾಗಿಸಿ ಬಟನ್ ಒತ್ತಿದೆ, ನೀಲಿ ಕಿಡಿ, ಅದೂ ನಿಜ, ಉಳಿದದ್ದು ಗಾಳಿ, ಸೀಟು ತೆಗೆದು ಫಿಲ್ಟರ್ ಬಿಚ್ಚಿದೆ, ಅದರ ಹಿಂದೆ, ಎಂಜಿನ್ ಉಸಿರೆಳೆಯುವ ಬಾಯಲ್ಲಿ, ಬಟ್ಟೆ. ತೊಳೆಯುವಾಗ ನೀರು ಒಳಹೋಗದಿರಲೆಂದು ತುರುಕುವ ಬಟ್ಟೆ, ನಿನ್ನೆ ಸಂಜೆ ತೊಳೆದವಳು ಅಕ್ಕ, ಮರೆತಿದ್ದಾಳೆ, ಪಾಪ — ಮರೆಯುವುದು ಹೇಗೆ, ಫಿಲ್ಟರ್ ಕೂರಿಸುವಾಗ ಬಟ್ಟೆ ಕಣ್ಣಿಗೇ ಹೊಡೆಯುತ್ತದೆ, ತಿರುಪನ್ನು ಅಷ್ಟು ಬಿಗಿಯಾಗಿ ತಿರುಗಿಸಿದ ಕೈಗೆ ಕಣ್ಣಿರಲಿಲ್ಲವೇ, ಭಾವನೇ ಇರಬಹುದು, ಭಾವನೇ ಆಗಿರಲಿ, ಆದರೆ ಬಟ್ಟೆ ಮುದ್ದೆಯಾಗಿಲ್ಲ, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದಾರೆ, ಭಾವ ತನ್ನ ಅಂಗಿಯನ್ನೂ ಹೀಗೆ ಮಡಿಸಲಾರ. ಅಡುಗೆಮನೆಯಿಂದ ಅಕ್ಕನ ದನಿ, ಸಿಕ್ತೇನೇ? ಏನು ಸಿಕ್ಕಿತು, ಹುಡುಕುತ್ತಿದ್ದೇನೆಂದು ನಾನು ಯಾರಿಗೂ ಹೇಳಿಲ್ಲ, ಭಾವನ ನಗು ನಿಂತಿದೆ, ಅವನೂ ಆ ಕಡೆಗೇ ನೋಡುತ್ತಿದ್ದಾನೆ — ಬಟ್ಟೆ ಎಳೆದು ತೆಗೆದೆ, ಫಿಲ್ಟರ್, ಸೀಟು, ಪ್ಲಗ್ ಕೂರಿಸಿದೆ, ಈಗ ಒತ್ತಿದರೆ ಖಂಡಿತ ಸ್ಟಾರ್ಟ್ ಆಗುತ್ತದೆ, ಗೇಟಿಗೆ ಇನ್ನೂ ಹೊತ್ತಿದೆ, ಬಟನ್ ಮೇಲೆ ಹೆಬ್ಬೆರಳಿದೆ, ಒತ್ತಬೇಕು, ಒತ್ತಬೇಕು, ನಿನ್ನೆ ಸಂಜೆ ಅವಳು ಕಾಲೆಳೆಯುತ್ತ ಬಂದು, ಇದೇ ನೆಲದ ಮೇಲೆ ಕಾಲು ಚಾಚಿ ಕೂತು, ಬಟ್ಟೆಯನ್ನು ತೊಡೆಯ ಮೇಲೆ ಹರಡಿ, ಅಂಗೈಯಲ್ಲಿ ಸವರಿ, ಅಂಚಿಗೆ ಅಂಚು, ಅಂಚಿಗೆ ಅಂಚು