ಕರೆಯದೆ ಊಟವಿಲ್ಲ

ಶನಿವಾರದ ಪಾಠ ಮುಗಿಸಿ ಮನೆಗೆ ಬರುವಷ್ಟರಲ್ಲಿ ನನ್ನ ಗಂಟಲು ಹರಿದುಹೋಗಿತ್ತು. ನಮ್ಮ ಗುವಾಂಗ್‌ಝೌ ಊರಿನ ಮಕ್ಕಳಿಗೆ ನಮ್ಮದೇ ಭಾಷೆ ಕ್ಯಾಂಟನೀಸ್ ಕಲಿಸಬೇಕಾಗಿ ಬಂದಿದೆ, ಏನು ಕರ್ಮವೋ! ಶಾಲೆಯಲ್ಲಿ ಮ್ಯಾಂಡರಿನ್, ಟಿ.ವಿ.ಯಲ್ಲಿ ಮ್ಯಾಂಡರಿನ್. ಹದಿನೆಂಟು ಮಕ್ಕಳಿಂದ ಶುರುವಾದ ತರಗತಿಯಲ್ಲಿ ಈಗ ನಾಲ್ವರಿದ್ದಾರೆ. ಅವರಲ್ಲೊಬ್ಬ ಇವತ್ತು ಪೂರ್ತಿ ನಿದ್ದೆ ಹೊಡೆದ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ. ನಮ್ಮ ಮನೆಯಲ್ಲೇ ನನ್ನ ಮಗಳ ಮಗಳು, ಆರು ವರ್ಷದ ಹೊಯ್‌ಲಾಮ್, ಐದು ದಿನದಿಂದ ಊಟಕ್ಕೆ ಯಾರನ್ನೂ ಕರೆದಿಲ್ಲ.

ನಮ್ಮಲ್ಲಿ ಮೇಜಿನ ಮುಂದೆ ಕೂತವರಲ್ಲಿ ಎಲ್ಲರಿಗಿಂತ ಚಿಕ್ಕವರು ಹಿರಿಯರನ್ನು ಒಬ್ಬೊಬ್ಬರನ್ನಾಗಿ ಊಟಕ್ಕೆ ಕರೆಯಬೇಕು. ಕರೆಯದೆ ನನ್ನ ಅಮ್ಮ ಊಟದ ಕಡ್ಡಿ ಮುಟ್ಟುವುದಿಲ್ಲ. ತೊಂಬತ್ತೊಂದರ ಮುದುಕಿ, ಐದು ದಿನದಿಂದ ರಾತ್ರಿ ಬರೀ ಚಹಾ ಕುಡಿದು ಮಲಗುತ್ತಿದ್ದಾಳೆ. ನಿನ್ನೆ ಬಚ್ಚಲಲ್ಲಿ ಗೋಡೆ ಹಿಡಿದು ನಿಂತುಬಿಟ್ಟಿದ್ದಳು.

ಇವತ್ತು ಶುಂಠಿ ಹಾಕಿ ಬೇಯಿಸಿದ ಮೀನು, ಹಾಗಲಕಾಯಿ. ಎಲ್ಲರೂ ಕೂತೆವು. ಹುಡುಗಿ ತಲೆ ತಗ್ಗಿಸಿದಳು.

"ಕರಿಯೇ, ಪುಟ್ಟಿ," ಎಂದೆ. "'ತಾಯ್‌ಪೋ, ಊಟ ಮಾಡಿ' ಅನ್ನು. ನಿನ್ನ ಮುತ್ತಜ್ಜಿ ಹಸ್ಕೊಂಡಿದಾಳೆ."

ಊಹೂಂ.

"ನಿಂಗೆ ನಾಲಿಗೆ ಇಲ್ವೇನೇ? ಹಟಮಾರಿ!" ಎಂದು ಕೂಗಿಬಿಟ್ಟೆ.

"ಅಮ್ಮಾ, ಸಾಕು ಬಿಡಮ್ಮಾ," ಎಂದಳು ಮಗಳು ವಿಂಗ್‌ಸಾಮ್.

"ಏನ್ ಬಿಡೋದು? ನೀವು ಬಿಟ್ಟೂ ಬಿಟ್ಟೂ ತಾನೇ ಹೀಗಾಗಿರೋದು!"

ಅಮ್ಮ ಚಹಾದ ಬಟ್ಟಲು ಕೆಳಗಿಟ್ಟಳು. "ಮಗೂನ ಯಾಕೆ ಬೈತೀಯೇ? ಭಾನುವಾರ ಅವಳು ಕರೆದ್ಲು. ನಮ್ಮ ಮಾತಿನ ರಾಗ ಸರಿಯಿಲ್ಲ ಅಂತ ನೀನು ಏಳು ಸಲ ಹೇಳಿಸ್ದೆ. ಅನ್ನ ಆರೋಯ್ತು, ಮಗು ಅತ್ತುಬಿಡ್ತು. ಅವತ್ತೇ ಅವಳ ಬಾಯಿ ಮುಚ್ಚಿಸಿದ್ದು ನೀನು."

ಏಳು ಸಲವೇ? ನಾನು ಎಣಿಸಿರಲಿಲ್ಲ.

ಅಮ್ಮ ಹುಡುಗಿಯ ಕೈ ಸವರಿದಳು. "ನಿನ್ನ ಶಾಲೆ ಮಾತಲ್ಲೇ ಕರಿ, ಪುಟ್ಟಿ. ನಂಗೆ ಹಸಿವಾಗ್ತಿದೆ."

ಹೊಯ್‌ಲಾಮ್ ಮೆಲ್ಲಗೆ ಮ್ಯಾಂಡರಿನ್‌ನಲ್ಲಿ ಕರೆದಳು. ಆ ಭಾಷೆಯ ನಾಲ್ಕು ಪದ ಬಾರದ ನನ್ನ ಅಮ್ಮ "ಹ್ಞಾಂ, ಬಂಗಾರ," ಎಂದು ಕಡ್ಡಿ ಎತ್ತಿ ಮೀನಿನ ದೊಡ್ಡ ತುಂಡನ್ನೇ ಬಾಯಿಗಿಟ್ಟಳು. ನನಗೆ ಸಮಾಧಾನವಾಯಿತು, ಹೊಟ್ಟೆಯೂ ಉರಿಯಿತು. ಎರಡೂ ಒಟ್ಟಿಗೇ ಆಗುತ್ತವೆ.

ಹುಡುಗಿ ಆಮೇಲೆ ತನ್ನಮ್ಮನನ್ನು ಕರೆದಳು. ವಿಂಗ್‌ಸಾಮ್ ಅನ್ನ ಬಡಿಸಿಕೊಂಡಳು.

ಇನ್ನು ಉಳಿದವಳು ನಾನು. ಹೊಯ್‌ಲಾಮ್ ನನ್ನ ಕಡೆ ತಿರುಗಲಿಲ್ಲ. ತನ್ನ ಬಟ್ಟಲು ಎಳೆದುಕೊಂಡು ತಿನ್ನತೊಡಗಿದಳು.

ನಾನು ಕಡ್ಡಿ ಮುಟ್ಟದೆ ಕೂತೆ. ಐದು ದಿನ ಅಮ್ಮ ಹೀಗೇ ಕೂತಿದ್ದಳು ಎಂಬುದು ಆಗ ಹೊಟ್ಟೆಗೆ ತಿಳಿಯಿತು.

"ಪುಟ್ಟಿ," ಎಂದೆ, "ನನ್ನನ್ನೂ ಕರಿಯೇ. ಹೇಗ್ ಬರುತ್ತೋ ಹಾಗೆ. ನಾನೇನೂ ಅನ್ನಲ್ಲ."

ಅವಳು ಬಾಯಿ ತೆರೆದಳು. ಆದರೆ ಶಬ್ದ ಹೊರಡುವ ಮುನ್ನ, ಹೊಡೆತಕ್ಕೆ ಕಾದವಳ ಹಾಗೆ, ಎರಡೂ ಕಣ್ಣು ಮುಚ್ಚಿಕೊಂಡಳು.